ಕೃಷ್ಣೆ ದಾಟಿದ ಕಚೇರಿ

ಒಂದು ದೇಶದ ಏಳಿಗೆಯು ಅದು ಕಡಲಾಚೆಗೆ ಏನನ್ನು ಕಳಿಸುತ್ತದೆ ಎಂಬುದರ ಮೇಲೆ ನಿಂತಿದೆ. ಬೆಳಗಾವಿಯಲ್ಲಿದ್ದ ನಮ್ಮ ರಫ್ತು ಉತ್ತೇಜನ ಸಂಸ್ಥೆಯ ಪ್ರಾದೇಶಿಕ ಕಚೇರಿ, ಬಾಗಿಲು ತೆರೆದು ವರ್ಷವಾದರೂ, ಕಳಿಸಿದ್ದು ಸುತ್ತೋಲೆಗಳನ್ನು ಮಾತ್ರ. ಅವೂ ಎಲ್ಲರನ್ನೂ ಮುಟ್ಟಿರಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳವು. ಹೊರದೇಶಕ್ಕೆ ಮಾಲು ಕಳಿಸುವವರಿಗೆ ಕಾಗದಪತ್ರ ಮಾಡಿಕೊಡುವುದು, ಹಡಗಿನಲ್ಲಿ ಜಾಗ ಹಿಡಿಸುವುದು, ಪೆಟ್ಟಿಗೆ ಹೇಗೆ ಕಟ್ಟಬೇಕೆಂದು ಹೇಳುವುದು ನಮ್ಮ ಕೆಲಸ. ಮ್ಯಾನೇಜರರು ಒಬ್ಬರು, ಸಹಾಯಕ ನಾನೊಬ್ಬ, ಟೆಲಿಫೋನು ಒಂದು. ಆಷಾಢ ಕಳೆಯುವ ಹೊತ್ತಿಗೆ ಶೇಡಬಾಳದಿಂದ ಒಂದು ಪತ್ರ ಬಂತು. ಬರೆದವರು ದ್ರಾಕ್ಷಿ ಬೆಳೆಗಾರ ಭೂಪಾಲಣ್ಣ. ಬೇಸಿಗೆಯಲ್ಲೇ ನಮ್ಮಿಂದ ವಿಳಾಸ ಪಡೆದು ದುಬೈಯ ವ್ಯಾಪಾರಿಯೊಬ್ಬರಿಗೆ ಒಣದ್ರಾಕ್ಷಿಯ ಮಾದರಿ ಕಳಿಸಿದ್ದರು. ಈಗ ಅಲ್ಲಿಂದ ಬೇಡಿಕೆ ಬಂದಿತ್ತು. ಮುಂಬಯಿಯಿಂದ ಶನಿವಾರ ಹೊರಡುವ ಹಡಗಿನಲ್ಲಿ ಜಾಗವೂ ಸಿಕ್ಕಿತ್ತು. ಬಾಕಿ ಉಳಿದದ್ದು ರಫ್ತುದಾರರ ನೋಂದಣಿ. ಮೊದಲ ಸಲ ನೋಂದಾಯಿಸುವವರು ಪ್ರಾದೇಶಿಕ ಕಚೇರಿಯಲ್ಲಿ, ಅಧಿಕಾರಿಯ ಎದುರಿಗೆ ಸಹಿ ಮಾಡಬೇಕೆಂಬುದು ನಿಯಮ. ಭೂಪಾಲಣ್ಣ ಬರೆದದ್ದು ಎರಡೇ ಸಾಲು: “ಚಾತುರ್ಮಾಸದ ವ್ರತ ತೆಗೆದುಕೊಂಡಿದ್ದೇನೆ. ಕೃಷ್ಣಾ ದಾಟುವಂತಿಲ್ಲ, ಆದ್ದರಿಂದ ಬರಲಾಗುವುದಿಲ್ಲ.”

ಮ್ಯಾನೇಜರರು ನಿಯಮದ ಪುಸ್ತಕವನ್ನು ಊಟದ ಹೊತ್ತಿನವರೆಗೆ ಓದಿದರು. ಆಮೇಲೆ ಕನ್ನಡಕ ತೆಗೆದು ಕೇಳಿದರು, “ಕಚೇರಿ ಅಂದ್ರೇನಪಾ?”

“ಈ ಎರಡು ಖೋಲಿ, ಸರ್.”

“ಅಲ್ಲ. ಶಿಕ್ಕಾ ಎಲ್ಲೈತಿ, ಅಧಿಕಾರಿ ಎಲ್ಲಾನ, ಅದ ಕಚೇರಿ. ನೀ ಶಿಕ್ಕಾ ತಗೊಂಡು ಹೋಗು, ಅಲ್ಲಿ ಅಧಿಕಾರಿ ನೀನ. ಕಾಗದದ ಮ್ಯಾಲೆ ‘ಕ್ಯಾಂಪ್: ಶೇಡಬಾಳ’ ಅಂತ ಬರಿ. ಆತು.”

ಹೀಗೆ ಪ್ರಾದೇಶಿಕ ಕಚೇರಿಯು, ಅಂದರೆ ಅದರ ಮೊಹರು, ಒಂದು ರೆಕ್ಸಿನ್ ಚೀಲದಲ್ಲಿ ಕುಳಿತು ಸೋಮವಾರ ಬೆಳಗ್ಗೆ ಬೆಳಗಾವಿ ಬಿಟ್ಟಿತು.

ಬೆಳಗಾವಿಯಿಂದ ಶೇಡಬಾಳಕ್ಕೆ ನೇರ ರೈಲಿದೆ; ಅರ್ಧ ದಿನದ ಹಾದಿ. ಆದರೆ ಅಧಿಕೃತ ಪ್ರವಾಸವೊಂದು ಅಷ್ಟು ಸುಲಭವಾಗಿ ಮುಗಿದರೆ ಮೇಲಿನವರಿಗೆ ಸಂಶಯ ಬರುತ್ತದೆ. “ಹೆಂಗೂ ಹೊಂಟೀದಿ, ನಿಪ್ಪಾಣಿ, ಚಿಕ್ಕೋಡಿನೂ ನೋಡಿಕೊಂಡ ಹೋಗು” ಎಂದು ಅಪ್ಪಣೆಯಾಗಿತ್ತು. ನಿಪ್ಪಾಣಿಯಲ್ಲಿ ಬಸ್ಸಿಳಿದವನನ್ನು ಮೊದಲು ಸ್ವಾಗತಿಸಿದ್ದು ತಂಬಾಕಿನ ಘಾಟು. ತಂಬಾಕು ದಾಸ್ತಾನಿನ ವಖಾರಿಯ ಮಾಲಕರಾದ ಶೇಟಜಿ ನನ್ನ ಏಳು ಸೀನುಗಳನ್ನು ತಾಳ್ಮೆಯಿಂದ ಕೇಳಿ, ಚಹಾ ತರಿಸಿದರು.

“ನಿಮ್ಮ ಆಫೀಸ ಖರೇನ ಐತೇನ್ರಿ? ನಾವು ಬರೇ ಕಾಗದದಾಗ ಐತಿ ಅನ್ಕೊಂಡಿದ್ವಿ.”

“ಐತ್ರಿ. ಈಗ ಈ ಚೀಲದಾಗ ಐತಿ.”

ಅವರು ಚೀಲವನ್ನು ಗೌರವದಿಂದ ನೋಡಿದರು. ಮಳೆಗಾಲದಲ್ಲಿ ಅವರ ಬೇಲುಗಳು ಬಂದರಿಗೆ ಹೋಗುವಷ್ಟರಲ್ಲಿ ತೇವ ಹಿಡಿಯುತ್ತಿದ್ದವು. ಯಾವ ತಿಂಗಳು ಯಾವ ಹಡಗು ಎಂಬ ಪಟ್ಟಿ ಕೊಟ್ಟು, ಮಾಲು ಬಂದರಿನಲ್ಲಿ ಕಾಯದಂತೆ ಹೊರಡಿಸುವುದು ಹೇಗೆಂದು ಹೇಳಿದೆ. ನಾನು ಬಂದ ಮೇಲೆ ಆಡಿದ್ದರಲ್ಲಿ ಇದೊಂದು ಉಪಯೋಗದ ಮಾತೆಂದು ಅವರೇ ಹೇಳಿದ್ದರಿಂದ ಇಲ್ಲಿ ಬರೆಯಲು ಸಂಕೋಚವಿಲ್ಲ.

ಅಂದು ವಸ್ತಿ ಚಿಕ್ಕೋಡಿಯಲ್ಲಿ. ಲಾಜಿನ ಹಾಸಿಗೆ ಒದ್ದೆ, ಖಾನಾವಳಿಯ ಝುಣಕ ಖಾರ, ಮಳೆ ಬಿಡದೆ ಹೊಡೆಯುತ್ತಿತ್ತು. ಮಂಗಳವಾರ ಮುಂಜಾನೆ ರಾಯಬಾಗದ ಬಸ್ಸಿನಲ್ಲಿ ಕಂಡಕ್ಟರ್ ಕೃಷ್ಣೆಯ ರಸ್ತೆ ಸೇತುವೆಯ ಸುದ್ದಿ ಹೇಳಿದ: “ಕುಡಚಿ ಪೂಲ ಮುಳಗೇತ್ರಿ. ಅತ್ತಾಗ ಹೋಗಾವ್ರು ರೈಲ್ ಹಿಡೀರಿ.” ರಾಯಬಾಗ ಊರಿನಿಂದ ಅದರ ಸ್ಟೇಷನ್ನಿಗೆ ಟೆಂಪೊ ಹಿಡಿದು, ಎರಡು ತಾಸು ತಡವಾಗಿ ಬಂದ ಪ್ಯಾಸೆಂಜರ್ ಹತ್ತಿದೆ. ರೈಲು ಸೇತುವೆಯ ಮೇಲೆ ಗಾಡಿ ನಡಿಗೆಯ ವೇಗಕ್ಕಿಳಿಯಿತು. ಕೆಳಗೆ ಕೃಷ್ಣೆ ಕೆಂಪಗೆ, ದಂಡೆಯ ಕಬ್ಬನ್ನು ಸೊಂಟದವರೆಗೆ ಮುಳುಗಿಸಿ ಹರಿಯುತ್ತಿದ್ದಳು. ಪ್ರಾದೇಶಿಕ ಕಚೇರಿಯನ್ನು ನಾನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡೆ.

ಶೇಡಬಾಳದಲ್ಲಿ ಇಳಿದಾಗ ಸಂಜೆ ನಾಲ್ಕು. ಭೂಪಾಲಣ್ಣನವರ ಮನೆಯ ಪಡಸಾಲೆಯಲ್ಲಿ ರಟ್ಟಿನ ಪೆಟ್ಟಿಗೆಗಳು ಹಲಗೆಗಳ ಮೇಲೆ ಸಾಲಾಗಿ ನಿಂತಿದ್ದವು. ನೆಲದ ಥಂಡಿ ತಾಗಬಾರದೆಂದು ನಮ್ಮ ಕಚೇರಿಯ ಕೈಪಿಡಿಯಲ್ಲಿ ಅಚ್ಚಾಗಿತ್ತು. ಅದನ್ನು ಓದಿದ ಒಬ್ಬರನ್ನಾದರೂ ಕಂಡೆನಲ್ಲ ಎಂದು ನನಗೆ ಕಣ್ತುಂಬಿ ಬಂತು. ಓದಿದವಳು ಮನೆಯ ಸೊಸೆ ಪದ್ಮಾವತಿ.

“ಬೇದಾಣಿ ಒಂದೊಂದ ಆರಿಸೇವ್ರಿ” ಎಂದು ಒಣದ್ರಾಕ್ಷಿಯ ಪೆಟ್ಟಿಗೆಯೊಂದನ್ನು ಬಿಚ್ಚಿ ತೋರಿಸಿದಳು. “ಹುಳ ಕಂಡ್ರ ಅರಬಿ ತುಂಡಿನ ಮ್ಯಾಲೆ ತಗೊಂಡು ಹಿತ್ತಲದಾಗ ಬಿಟ್ಟೇವಿ. ಎರಡು ತಿಂಗಳು ಇದ ಕೆಲಸ.” ಕಾಳುಗಳು ಹಸಿರು ಮಿಶ್ರಿತ ಬಂಗಾರದ ಬಣ್ಣಕ್ಕಿದ್ದವು. “ಇನ್ನ ಎರಡು ತಿಂಗಳು ಇಟ್ರ ಕಪ್ಪಾಗತಾವ್ರಿ. ಆಮ್ಯಾಲೆ ದುಬೈದಾಂವ ಯಾಕ ತಗೋತಾನ?”

ಭೂಪಾಲಣ್ಣ ಒಳಗಿನಿಂದ ಬಂದರು. ಬಿಳಿ ಧೋತರ, ಬಿಳಿ ಟೋಪಿ, ಸಾವಕಾಶದ ಮಾತು. ನಾನು ಫಾರಂ ಹರವಿ, ಶಿಕ್ಕೆ ತೆಗೆದು, ಶಾಯಿಯ ಪ್ಯಾಡನ್ನು ಉಜ್ಜಿ, “ಇಲ್ಲಿ ಸಹಿ ಮಾಡ್ರಿ ಕಾಕಾ” ಎಂದೆ.

“ಯಾಕ್ರಿ?”

“ನೀವು ಬರಾಕ ಆಗೂದಿಲ್ಲಂತ ಬರದಿದ್ರಿ. ಅದಕ್ಕ ಕಚೇರೀನ ಬಂದೈತಿ.”

“ನಾ ಬರೂದಾಗೂದಿಲ್ಲಂತ ಬರದಿದ್ದೆ. ನೀವ ಬರ್ರಿ ಅಂತ ಬರದಿಲ್ಲಲ್ಲರಿ.” ಅವರು ನಗಲಿಲ್ಲ. “ತೆಂಕಲಕ, ಪಡುವಲಕ ಕೃಷ್ಣಾ, ಬಡಗಲಕ ಮಿರಜ, ಮೂಡಲಕ ಅಥಣಿ. ಸ್ವಾಮಿಗಳ ಮುಂದ ನಿಂತು ವ್ರತ ತಗೊಂಡೇನಿ. ನಾಲ್ಕು ತಿಂಗಳು ಈ ಗಡಿ ಆಚಿ ನಾನೂ ಹೋಗೂದಿಲ್ಲ, ನನ್ನ ಮಾಲೂ ಕಳಸೂದಿಲ್ಲ. ನಾ ಇಲ್ಲೇ ಕುಂತು ಸಹಿ ಮಾಡಿ ಸಮುದ್ರದಾಚಿ ಕಳಿಸಿದ್ರ, ಕಾಲು ಅಷ್ಟ ವ್ರತ ಹಿಡದಂಗ ಆತು.”

ಮೂರು ತಾಲ್ಲೂಕು, ಒಂದು ಮಹಾಪೂರ ದಾಟಿ ಬಂದ ಕಚೇರಿ ಶಾಯಿಯ ಪ್ಯಾಡಿನ ಮುಚ್ಚಳ ಹಾಕಿತು. ಎರಡು ಸಾಲಿನ ಪತ್ರವನ್ನು ನಾವಿಬ್ಬರು ನೌಕರರು ನಮಗೆ ಬೇಕಾದಂತೆ ಓದಿಕೊಂಡಿದ್ದೆವು.

“ಮಗನ ಹೆಸರಿಲೆ ಮಾಡೋಣೇನ್ರಿ?” ಎಂದೆ.

“ಅವನೂ ನನ್ನ ಬಾಜೂಕ ನಿಂತು ಅದ ವ್ರತ ತಗೊಂಡಾನ.”

ಪದ್ಮಾವತಿ ಪೆಟ್ಟಿಗೆಯ ಮುಚ್ಚಳ ಹಾಕುತ್ತ, ಮಾವನ ಮುಖ ನೋಡದೆ ಹೇಳಿದಳು: “ನಾ ತಗೊಂಡಿಲ್ಲರಿ ಮಾಮಾ.”

“ಏನು?”

“ಗಡಿ ವ್ರತ. ನೀವೆಲ್ಲಾ ಬಸದಿಗೆ ಹೋದ ದಿನ ನಾ ಇಲ್ಲೇ ಬೇದಾಣಿ ಆರಿಸಕೋತ ಕುಂತಿದ್ದೆ. ಮರದಿನ ಹೋಗಿ ಕಾಯಿಪಲ್ಲೆ ಬಿಡೂ ವ್ರತ ಅಷ್ಟ ತಗೊಂಡೇನಿ.”

ಅಷ್ಟರಲ್ಲಿ, ಜೈನರ ಮನೆಯ ಪದ್ಧತಿಯಂತೆ, ಹೊತ್ತು ಮುಳುಗುವುದಕ್ಕೆ ಮೊದಲೇ ಊಟಕ್ಕೆ ಕರೆದರು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಉಳ್ಳಾಗಡ್ಡಿಯ ಸುಳಿವಿಲ್ಲ. ಕೈ ತೊಳೆದು ಬಂದ ಮೇಲೆ ಭೂಪಾಲಣ್ಣ ಕೇಳಿದರು, “ನಾ ಈ ಮಾಲು ಅಕೀಗೆ ಕೊಟ್ಟಬಿಟ್ರ? ಮನಿ ಒಳಗಿಂದ ಮನಿ ಒಳಗ ಕೊಡಾಕ ಗಡಿ ಅಡ್ಡ ಬರೂದಿಲ್ಲ. ಆಮ್ಯಾಲೆ ಅಕಿ ಮಾಲು, ಅಕಿ ಮರ್ಜಿ.”

“ಈ ಸಲಕ್ಕಷ್ಟ ಏನ್ರಿ ಮಾಮಾ?” ಪದ್ಮಾವತಿ ಕೇಳಿದಳು.

“ಕೊಟ್ಟದ್ದು ತಿರಗಿ ಇಸಕೊಳ್ಳಾಕ ನಾ ಏನ ಸಣ್ಣ ಹುಡುಗ ಏನ ಬೇ? ಬೇದಾಣಿ ವ್ಯಾಪಾರ ಇನ್ಮ್ಯಾಲೆ ನಿಂದ. ನನಗ ತ್ವಾಟ ಸಾಕು.”

ನಿಯಮದಂತೆ ಪ್ರತಿ ಕೆಲಸಕ್ಕೂ ನಾಲ್ಕು ಫಾರಂ ಒಯ್ಯುವ ನಮ್ಮ ಪದ್ಧತಿ ಅಂದು ಮೊದಲ ಬಾರಿಗೆ ಸಮರ್ಥನೆ ಪಡೆಯಿತು. ಖಾಲಿ ಫಾರಂ ಮೇಲೆ ಪದ್ಮಾವತಿ ಒಂದೊಂದೇ ಅಕ್ಷರ ಇಳಿಸಿ ಸಹಿ ಮಾಡಿದಳು. ನಾನು ಶಿಕ್ಕೆ ಒತ್ತಿದೆ. ಕ್ಯಾಂಪ್: ಶೇಡಬಾಳ.

ಆದರೆ ಹೆಸರು ಬದಲಿಸುವ ಅಧಿಕಾರ ನನ್ನದಲ್ಲ; ಹಡಗಿನ ಜಾಗವೂ ಮಾವನ ಹೆಸರಿನಲ್ಲಿತ್ತು. ಮಳೆಗೆ ಶೇಡಬಾಳದ ಫೋನು ಸತ್ತಿತ್ತು. ಬುಧವಾರ ಪದ್ಮಾವತಿಯೂ ನಾನೂ ಕಾಗವಾಡಕ್ಕೆ ಹೋಗಿ, ಅವಳ ಖಾತೆಯಿದ್ದ ಬ್ಯಾಂಕಿನಿಂದ ನೋಂದಣಿಗೆ ಬೇಕಾದ ಪತ್ರ ಬರೆಸಿಕೊಂಡೆವು. ಅಲ್ಲಿಯ ಫೋನೂ ಸತ್ತಿತ್ತು. ಅವಳನ್ನು ಊರಿಗೆ ಕಳಿಸಿ ನಾನು ಅಥಣಿಯ ಬಸ್ಸು ಹತ್ತಿದೆ. ಒಂದೂವರೆ ತಾಸಿನ ಹಾದಿಯಲ್ಲಿ, ಹೆಸರು ಬದಲಾಗದಿದ್ದರೆ ಅವಳಿಗೆ ಏನು ಹೇಳಬೇಕೆಂದು ನಾಲ್ಕು ಬಗೆಯಲ್ಲಿ ಯೋಚಿಸಿದೆ. ನಾಲ್ಕೂ ಚೆನ್ನಾಗಿರಲಿಲ್ಲ.

ಅಥಣಿಯ ಎಸ್‌ಟಿಡಿ ಬೂತಿನಲ್ಲಿ ಬೆಳಗಾವಿ ಸಿಕ್ಕಿತು. ಎಲ್ಲವನ್ನೂ ಹೇಳಿದೆ. ಆ ಕಡೆ ಪುಟ ತಿರುವುವ ಸಪ್ಪಳ ಬಹಳ ಹೊತ್ತು ಕೇಳಿಸಿತು.

“ಸೊಸಿ ಸಹಿ ಮಾಡಬಾರದು ಅಂತ ಎಲ್ಲೂ ಬರದಿಲ್ಲ ನೋಡು” ಎಂದರು ಮ್ಯಾನೇಜರರು. “ನಾ ಮುಂಬಯಿಗೆ ಹೇಳತೇನಿ. ಲಾರಿ ನಾಳೆ ಬಿಡ್ಲಿ.”

ಶೇಡಬಾಳಕ್ಕೆ ಹೊರಟಿದ್ದ ಬಸ್ಸಿನ ಡ್ರೈವರನ ಕೈಯಲ್ಲಿ ಪದ್ಮಾವತಿಗೆ ಚೀಟಿ ಕೊಟ್ಟು, ನಾನು ಮುಳುಗದ ಬೇರೊಂದು ಸೇತುವೆ ಸುತ್ತಿ ಹೋಗುವ ಬೆಳಗಾವಿಯ ಬಸ್ಸು ಹಿಡಿದೆ.

ಲಾರಿ ಗುರುವಾರ ಬೆಳಗ್ಗೆ ಮಿರಜ ಮಾರ್ಗವಾಗಿ ಹೊರಟು ಶುಕ್ರವಾರ ಬಂದರು ಮುಟ್ಟಿತು. ಶನಿವಾರ ಪೆಟ್ಟಿಗೆಗಳೆಲ್ಲ ಪದ್ಮಾವತಿಯ ಹೆಸರಿನಲ್ಲಿ ಹಡಗು ಹತ್ತಿದವು.