ಗಂಜಿ ಹಾಕಿದ ಗಂಟು

ಆ ದಿನ ಬೆಳಿಗ್ಗೆ ಮಕ್ಕಳ ಡಬ್ಬಿಗೆ ಚಿತ್ರಾನ್ನ ತುಂಬುತ್ತಾ ಅಡುಗೆಮನೆಯ ಕಿಟಕಿಯಿಂದ ಆಚೆ ನೋಡಿದೆ. ಅಮೆರಿಕದ ಗಿಲ್‌ರಾಯ್‌ನ ನಮ್ಮ ಮನೆಯ ಬೇಲಿಯಾಚೆ, ಹಾಸನದ ಕಡೆಯಿಂದ ಬಂದು ನೆಲೆಸಿದ ನೆರೆಮನೆಯ ಅಕ್ಕನ ಹೊಲ. ಅಲ್ಲಿ ಕೋಳಿ, ಮೇಕೆ, ತರಕಾರಿ, ಜೊತೆಗೆ ಚಳಿ ಕಳೆದ ಮೇಲೆ ಬಿತ್ತಿದ ಬಾರ್ಲಿ. ಅದು ಕೈಗೆ ಬಂದರಷ್ಟೇ ಮೇಕೆಗಳಿಗೆ ವರ್ಷದ ಮೇವು, ಇಲ್ಲವಾದರೆ ಅವನ್ನು ಮಾರಬೇಕು ಎಂದಿದ್ದರು. ಪೈರು ಚೆನ್ನಾಗಿದೆ ಎಂದು ಯಾರಾದರೂ ಹೊಗಳಿದರೆ ಮಾತ್ರ ಮುಖ ತಿರುಗಿಸಿ, "ಇನ್ನೂ ಹೊಲದಲ್ಲೇ ಐತಲ್ಲ" ಎನ್ನುತ್ತಿದ್ದರು.

ಏನನ್ನು ಕಟ್ಟುವುದಿದ್ದರೂ ಅವರಿಗೆ ಹಳೆಯ ಹತ್ತಿ ಸೀರೆಯ ಪಟ್ಟಿಯೇ ಆಗಬೇಕು. ಗಂಟು ಜಾರದಿರಲೆಂದು ಅದಕ್ಕೆ ಅನ್ನದ ಗಂಜಿ ಬೇರೆ ಹಾಕುತ್ತಿದ್ದರು. ಆ ಬೆಳಿಗ್ಗೆ ಮೇಕೆಗಳು ಗಂಜಿಯ ರುಚಿಗೆ ದೊಡ್ಡಿಯ ಗೇಟಿಗೆ ಕಟ್ಟಿದ್ದ ಪಟ್ಟಿಯನ್ನೇ ತಿಂದು, ಬಾರ್ಲಿಯ ನಡುವೆ ನಿಂತಿದ್ದವು.

ನಾನು ಓಡಿಹೋಗುವಷ್ಟರಲ್ಲಿ ಅಕ್ಕ ಅವನ್ನು ಆಚೆ ಅಟ್ಟಿ ಮಂಡಿಯೂರಿ ಕೂತಿದ್ದರು. ಪೈರು ಗೇಣುದ್ದವೂ ಉಳಿದಿರಲಿಲ್ಲ. ಒಂದು ಬುಡ ಕಿತ್ತು, ಉಗುರಿನಿಂದ ಸೀಳಿ, ಕನ್ನಡಕ ಹಣೆಗೇರಿಸಿ ನೋಡಿದರು.

"ಹೋಯ್ತಾ ಅಕ್ಕಾ?"

"ಮೇಲಿನ ಗರಿ ತಿಂದವೆ ಕಣಮ್ಮ, ಅಷ್ಟೇ. ಸುಳಿ ಇನ್ನೂ ಮಣ್ಣೊಳಗೇ ಕೂತೈತೆ, ಮತ್ತೆ ಚಿಗುರ್ತೈತೆ." ಉದ್ದಕ್ಕೆ ಉಸಿರು ಬಿಟ್ಟು, ಪಕ್ಕದ ಬುಡದ ಮಣ್ಣನ್ನು ಅಂಗೈಯಿಂದ ಮೆಲ್ಲಗೆ ಒತ್ತಿದರು. "ಇನ್ನೂ ಹೊಲದಲ್ಲೇ ಐತಲ್ಲ."

ಈ ಸಲ ಆ ಮಾತು ಹೇಳುವಾಗ ಅವರು ನಗುತ್ತಿದ್ದರು.

ಸಂಜೆ ಅಕ್ಕ ಮೊಟ್ಟೆ ಕೊಡಲು ಬೇಲಿಯ ಹತ್ತಿರ ಬಂದಾಗ, ಗೇಟಿಗೆ ತಂತಿ ತರಿಸಲೇ ಎಂದು ಕೇಳಿದೆ.

"ತಂತಿ ಯಾಕಮ್ಮ? ಒಂದು ಹಳೇ ಸೀರೆ ಇದ್ರೆ ಕೊಡು," ಎಂದರು. "ಗಂಜಿ ಹಾಕಲ್ಲ ಬಿಡು."