ಏಳನೇ ಪೊಟ್ಟಣದ ಮಣ್ಣು

ವಸುಧಾ, ಏಳನೇ ಪೊಟ್ಟಣದಲ್ಲಿದ್ದದ್ದು ಕೆರೆಯ ಮಣ್ಣಲ್ಲ. ನಮ್ಮ ಹೊಲದ್ದು. ತುಂಬಿಟ್ಟವಳು ನಾನೇ.

ತೊಂಬತ್ತರ ದಶಕದ ಕೊನೆಯ ಬೇಸಿಗೆ. ಸಂಶೋಧನೆಗೆಂದು ಬಂದು ನಮ್ಮ ಮುಂದಿನ ಖೋಲಿ ಬಾಡಿಗೆ ಹಿಡಿದಿದ್ದೆ ನೀನು. ಚಂದ್ರಂಪಳ್ಳಿ ಕೆರೆಯ ತಳಕ್ಕೆ ಕೊಳವೆ ಇಳಿಸಿ, ಮಣ್ಣನ್ನು ಪದರ ಪದರವಾಗಿ ಎತ್ತಿ, ಬೆಳ್ಳಿ ಬಣ್ಣದ ಹಾಳೆಯಲ್ಲಿ ಸುತ್ತಿ, ನಂಬರ್ ಬರೆದು ಕಪಾಟಿನಲ್ಲಿಡುತ್ತಿದ್ದೆ. ನಾನು ನಕ್ಕೆ — ಓದಿದ ಹುಡುಗಿಗೆ ರಾಡಿಯ ಹುಚ್ಚು. ಆಗ ನೀನು ಮೇವಿನ ಜೋಳದ ಹಸಿ ಗರಿಯ ಮೇಲೆ ನೀರು ಹನಿಸಿ ತೋರಿಸಿದೆ. ನೀರು ಜಾರುವುದು ಎಲೆಯ ಮೇಣದಿಂದ. ಎಲೆ ಕೊಳೆತರೂ ಮೇಣ ಕೊಳೆಯದೆ ಕೆಸರಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮರದ ಮೇಣದ ಎಳೆ ಗಿಡ್ಡ, ಹುಲ್ಲು-ಜೋಳದ್ದು ಉದ್ದ; ಅಳೆದರೆ ಕೆರೆಗೆ ಹರಿದು ಬಂದದ್ದು ಕಾಡೋ ಹೊಲವೋ ತಿಳಿಯುತ್ತದೆ ಅಂದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ನಂಬಲಿಲ್ಲ. ಆದರೂ ಆ ದಿನವಿಡೀ ಕಂಡ ಕಂಡ ಎಲೆಯನ್ನೆಲ್ಲ ಉಜ್ಜಿ ನೋಡಿದೆ.

ನೀನು ಊರಿಗೆ ಹೋದಾಗ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಎತ್ತು ಮಾಡಲು ಕೆರೆಯ ಜಿಗುಟು ಮಣ್ಣೇ ಬೇಕು. ಹೊರಗೆ ಮಳೆ, ಅಲ್ಲಿತನಕ ನಡೆಯಲು ನನಗೆ ಬೇಸರ — ಕಪಾಟಿನಲ್ಲೇ ಇತ್ತಲ್ಲ. ಏಳನೆಯದನ್ನು ಬಿಚ್ಚಿ ಜೋಡೆತ್ತು ಮಾಡಿದೆ, ಅವಕ್ಕೆ ಮೇವು ಹಾಕುವ ಗೋದಲಿ ಮಾಡಿದೆ. ಪೂಜೆಯಾಗಿ ಎತ್ತು ನೀರಿಗೆ ಹೋದವು. ಖಾಲಿ ಹಾಳೆಗೆ ಹೊಲದಿಂದ ಜೋಳದ ಬುಡದ ಕರಿಮಣ್ಣು ತುಂಬಿ, ನೀರು ಚಿಮುಕಿಸಿ, ಮೊದಲಿನಂತೆ ಸುತ್ತಿಟ್ಟೆ. ಮಣ್ಣಿಗೇನು ಹೆಸರು ಬರೆದಿರುತ್ತದೆ ಅಂದುಕೊಂಡೆ. ನೀನು ತಿರುಗಿ ಬಂದು ಪೊಟ್ಟಣಗಳನ್ನೆಲ್ಲ ಪರೀಕ್ಷೆಗೆ ಒಯ್ದೆ.

ಮರುವರ್ಷ ನೀನು ಬಸ್ಸಿಳಿದವಳೇ ಓಡುತ್ತ ಬಂದೆ. ಚಪ್ಪಲಿ ಬಿಡುವುದನ್ನೂ ಮರೆತು ನನ್ನ ಎರಡೂ ತೋಳು ಹಿಡಿದೆ.

"ಆಯಿ, ಬಾಕಿ ಎಲ್ಲಾ ಪದರದಾಗ ಕಾಡಿನ ಎಲೀನೇ ಅದ. ಏಳನೇದ್ರಾಗ ಮಾತ್ರ ಜ್ವಾಳ! ಅಂದ್ರ ಆ ಪದರ ಕೂತ ಕಾಲದಾಗ ಕೆರಿ ಮ್ಯಾಲಿನ ಗುಡ್ಡದ ತಾಂಡಾದವರು ಕಾಡು ಕಡದು ಹೊಲಾ ಮಾಡಿರಬೇಕಲ್ಲಾ?"

ನನಗೆ ಮೊದಲು ಬಂದದ್ದು ಹೆದರಿಕೆಯೇ ಅಲ್ಲ. ಹಿಡಿದುಬಿಟ್ಟಿತಲ್ಲ ಎಂಬ ಹಿಗ್ಗು. ಎಲ್ಲೋ ದೂರದಲ್ಲಿ ಕುಂತ ಯಂತ್ರ, ನನ್ನ ಮುಖ ನೋಡದ ಯಂತ್ರ, ಹಿಡಿ ಮಣ್ಣಿನಲ್ಲಿ ನನ್ನ ಜೋಳದ ಗುರುತು ಹಿಡಿದಿತ್ತು. ನಿನ್ನ ವಿದ್ಯೆ ಖರೇ ಎಂಬುದಕ್ಕೆ ನನಗಿಂತ ದೊಡ್ಡ ಸಾಕ್ಷಿ ಯಾರಿದ್ದರು? ಕುಣಿಯಬೇಕೆನಿಸಿತು. ಹೇಳಿಯೇಬಿಡೋಣ ಎಂದು ಬಾಯಿ ತೆರೆದೆ. ಬಂದ ಮಾತು —

"ಮಾಡಿರಬೇಕವ್ವ. ಹಿಂದಿನ ಮಂದಿ ಏನೇನ್ ಮಾಡ್ಯಾರೋ, ಯಾರ್ ನೋಡ್ಯಾರ."

ನೀನು ಅದನ್ನೂ ಬರೆದುಕೊಂಡೆ. ಪುಸ್ತಕವಾಯಿತು, ನಿನ್ನ ಹೆಸರಿನ ಮುಂದೆ ಡಾಕ್ಟರ್ ಬಂತು. ನೋಡಿದವಳು ನಾನಿದ್ದೆ ವಸುಧಾ — ಕೆರೆ ಕಟ್ಟಿದಂದಿನಿಂದ ಅಲ್ಲಿ ಮೇಲೆ ಕಾಡೇ ಇದೆ, ಹೊಲ ಎಂದೂ ಇರಲಿಲ್ಲ. ನಿನ್ನ ಖುಷಿ ಕೆಡಬಾರದೆಂದು ಸುಮ್ಮನಿದ್ದೆ ಅಂದರೆ ಅದು ಇನ್ನೊಂದು ಸುಳ್ಳು. ಕಳ್ಳಿ ಎನಿಸಿಕೊಳ್ಳಲು ನಾಚಿಕೆ, ಅಷ್ಟೇ.

ಮೊನ್ನೆ ತಾಂಡಾದ ಶಾಲೆಯಲ್ಲಿ ಮಾಸ್ತರರು ನಿನ್ನ ಪುಸ್ತಕದ ಆ ಮಾತನ್ನು ಓದಿ ಹೇಳಿದರಂತೆ — ಕಾಡು ಕಡಿದವರು ನಿಮ್ಮ ಅಜ್ಜಂದಿರೇ ಎಂದು. ಮಕ್ಕಳು ತಲೆ ತಗ್ಗಿಸಿ ಕುಂತವಂತೆ. ಅದನ್ನು ಕೇಳಿದವಳೇ ಬರೆಯಲು ಕುಂತೆ.

ಈ ಕಾಗದ ಅಂಚೆಗೆ ಹಾಕಿ ನಾಳೆ ನಾನು ಆ ಶಾಲೆಗೆ ಹತ್ತಿ ಹೋಗುತ್ತೇನೆ. ಮಕ್ಕಳ ಮುಂದೆಯೇ ನಿಂತು ಹೇಳುತ್ತೇನೆ. ನೀನು ಸಿಟ್ಟಾಗು, ಬೈಯಿ — ಆದರೆ ಆ ಸಾಲನ್ನು ಅಳಿಸು.