ಆರಿದ ಕಾಫಿ

ಮಡಿಕೇರಿಯ ಆ ಚರ್ಮದ ಡಾಕ್ಟರಮ್ಮನ ಮೇಜಿನ ಮೇಲೆ ಸದಾ ಒಂದು ಲೋಟ ಕಾಫಿ ಆರುತ್ತಾ ಇರುತ್ತಿತ್ತು. ನರ್ಸ್ ನೆನಪಿಸಿದರೆ, "ಆರ್ಲಿ ಬಿಡಮ್ಮ" ಎನ್ನುತ್ತಿದ್ದರು.

ನಾನು ಸೋಮವಾರಪೇಟೆ ಕಡೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ಹೆಂಡದ ವಾಸನೆಯೂ ಆಗದವನು. ಆದರೂ ನನ್ನ ಕೆಂಪು ಮುಖ ನೋಡಿ ಲೈನ್ ಮನೆಗಳ ಕೂಲಿಯವರೆಲ್ಲ ಕುಡುಕನೆಂದೇ ತಿಳಿದಿದ್ದರು. ಆ ಅವಮಾನದಿಂದ ಮುಖಕ್ಕೆ ನಿಂಬೆಹಣ್ಣು ಹಾಕಿ ಉಜ್ಜಿ ಉಜ್ಜಿ, ಉರಿ ತಾಳಲಾರದೆ ಅವರ ಬಳಿ ಹೋಗಿದ್ದೆ.

"ಇದು ರೊಸೇಸಿಯಾ, ಮುಖ ಕೆಂಪಾಗೋ ಚರ್ಮದ ಕಾಯಿಲೆ. ಪೂರ್ತಿ ಹೋಗಲ್ಲ, ಆದ್ರೆ ಮೆತ್ತಗೆ ನೋಡ್ಕೊಂಡ್ರೆ ಮಾತು ಕೇಳುತ್ತೆ. ಉಜ್ಜಬೇಡಿ, ಬಿಸಿಲಿಗೆ ಟೋಪಿ ಹಾಕ್ಕೊಳ್ಳಿ" ಎಂದವರು ಮಾಸ್ಕ್ ಕೆಳಗಿಳಿಸಿದರು. ಅವರ ಕೆನ್ನೆಗಳೂ ನನ್ನವುಗಳಂತೆಯೇ ಕೆಂಪು! "ಮದುವೆ ಮನೇಲಿ ನನ್ನನ್ನೂ ಎಷ್ಟು ಪೆಗ್ ಆಯ್ತು ಅಂತ ಕೇಳ್ತಾರೆ. ನಾನು ಬಿಸಿ ಕಾಫಿ ಕುಡಿದ್ರೂ ಕೆಂಪಾಗ್ತೀನಿ!" ಎಂದು ನಕ್ಕುಬಿಟ್ಟರು. ಎಷ್ಟೋ ತಿಂಗಳ ಮೇಲೆ ನಾನೂ ನಕ್ಕೆ.

ಈಗ ತೋಟಕ್ಕೆ ಕಾಫಿ ತರುವ ಹೆಂಗಸು, "ರೈಟ್ರೇ, ಆರೋಗ್ತದೆ" ಎಂದರೆ, ಟೋಪಿ ಸರಿಮಾಡಿಕೊಂಡು ಡಾಕ್ಟರಮ್ಮನ ದನಿಯಲ್ಲೇ ಹೇಳುತ್ತೇನೆ: "ಆರ್ಲಿ ಬಿಡಮ್ಮ."